ನಮ್ಮ ಜಮೀನಿನ ಮೂಲೆಯ ಬಾಂದು ಕಲ್ಲು ಯಾರದು? ಅದನ್ನು ಜರುಗಿಸುವ ಹಕ್ಕು ನಮಗಿದೆಯೇ?

ತೆಂಗಿನತೋಟ_ತಿಪಟೂರು

ಎಲ್ಲರಿಗೂ ನಮಸ್ಕಾರ. ತಿಪಟೂರು ತಾಲ್ಲೂಕಿನಲ್ಲಿ ನಮ್ಮದು 4 ಎಕರೆ 18 ಗುಂಟೆ ಜಮೀನು. ಅಜ್ಜನ ಕಾಲದಿಂದ ನಮ್ಮ ಅನುಭವದಲ್ಲಿದೆ, ಪಹಣಿಯೂ ಸರಿಯಾಗಿದೆ. ಈಗ ಸುತ್ತ ಕಾಂಪೌಂಡ್ ಕಟ್ಟಿಸುತ್ತಿದ್ದೇವೆ. ಈಶಾನ್ಯ ಮೂಲೆಯಲ್ಲಿ ಗೇಟ್ ಇಡಬೇಕು. ರಸ್ತೆ ತಾಗುವುದು ಅಲ್ಲಿ ಮಾತ್ರ. ಗೇಟಿನ ಕಂಬ ಬರಬೇಕಾದ ಜಾಗದಲ್ಲೇ ಮೊಣಕಾಲೆತ್ತರದ ಹಳೆಯ ಬಾಂದು ಕಲ್ಲು, ಅಂದರೆ ಸರ್ವೆಯ ಗಡಿ ಕಲ್ಲು ನಿಂತಿದೆ.

ಗುತ್ತಿಗೆದಾರರು, "ಜೆಸಿಬಿಯಲ್ಲಿ ಎತ್ತಿ ಒಂದೂವರೆ ಅಡಿ ಒಳಗೆ ನೆಟ್ಟುಬಿಡೋಣ, ನಿಮ್ಮದೇ ಜಾಗದ ಒಳಕ್ಕೆ ತಾನೇ" ಎನ್ನುತ್ತಿದ್ದಾರೆ. ಪೂರ್ವದ ಜಮೀನಿನವರು ಮಾತ್ರ, ಕಲ್ಲು ಮುಟ್ಟಿದರೆ ಠಾಣೆಗೆ ಹೋಗುವುದಾಗಿ ಹೇಳಿದ್ದಾರೆ. ಅವರ ಜೊತೆ ನಮಗೆ ಯಾವ ಜಗಳವೂ ಇಲ್ಲ, ಹಬ್ಬಕ್ಕೆ ಎಡೆ ಕಳಿಸುವಷ್ಟು ಹೊಂದಿಕೆಯಿದೆ. ಆದರೂ ಈ ಒಂದು ಕಲ್ಲಿನ ವಿಷಯಕ್ಕೆ ಅವರ ದನಿಯೇ ಬದಲಾಯಿತು.

ನಾನು ಬಿಟ್ಟುಕೊಡುತ್ತಿರುವುದು ನನ್ನ ಜಾಗವನ್ನೇ. ಹಾಗಿದ್ದರೂ ಕಲ್ಲು ಜರುಗಿಸುವುದು ಅಪರಾಧವೇ? ಕಲ್ಲು ಸರ್ಕಾರದ್ದೋ, ನನ್ನದೋ? ತಿಳಿದವರು ದಯವಿಟ್ಟು ಹೇಳಿ. ಅಲ್ಲಿಯವರೆಗೆ ಆ ಮೂಲೆಯ ಕೆಲಸ ನಿಲ್ಲಿಸಿದ್ದೇನೆ.

ನಿವೃತ್ತ_ಭೂಮಾಪಕ

ಕೆಲಸ ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು. ಆ ಕಲ್ಲನ್ನು ಒಳಕ್ಕೂ ಹೊರಕ್ಕೂ ಒಂದು ಅಂಗುಲವೂ ಸರಿಸಬೇಡಿ.

ನಿಮ್ಮ ಈಶಾನ್ಯ ಮೂಲೆ ನಿಮ್ಮೊಬ್ಬರದಲ್ಲ. ಪೂರ್ವದವರಿಗೆ ಅದು ವಾಯವ್ಯ ಮೂಲೆ, ಉತ್ತರದವರಿಗೆ ಆಗ್ನೇಯ ಮೂಲೆ, ಕರ್ಣದ ಆಚೆಯವರಿಗೆ ನೈಋತ್ಯ ಮೂಲೆ. ಒಂದು ಕಲ್ಲಿನ ಮೇಲೆ ನಾಲ್ಕು ಸರ್ವೆ ನಂಬರುಗಳ ಲೆಕ್ಕ ನಿಂತಿರಬಹುದು. ಅದನ್ನು ಒಳಕ್ಕೆ ತಂದರೆ ಪೂರ್ವದವರಿಗೆ ಜಾಗ ಸಿಕ್ಕಂತೆ ಕಾಣುತ್ತದೆ, ನಿಜ. ಆದರೆ ನಾಳೆ ಇನ್ಯಾರದೋ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸುವ ಕೆಲಸಕ್ಕೆ) ಬರುವ ಭೂಮಾಪಕ ಅದೇ ಕಲ್ಲನ್ನು ಹಿಡಿದು ಅಳತೆ ಆರಂಭಿಸುತ್ತಾನೆ. ಆಗ ಆ ಒಂದೂವರೆ ಅಡಿ ನಿಮಗೆ ಪರಿಚಯವೇ ಇಲ್ಲದವರ ಬದುವಿನವರೆಗೆ ಹೋಗುತ್ತದೆ.

ನಮ್ಮ ಹಳೇ ಮೈಸೂರು ಭಾಗದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. 33 ಅಡಿಯ ಸರಪಳಿ, ಅದಕ್ಕೆ 16 ಆಣೆ, ಅಂದರೆ 16 ಸಮಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಿದ್ದರೆ ಒಂದು ಗುಂಟೆ, ಅಂದರೆ 1089 ಚದರ ಅಡಿ. ಹೊಲದ ನಡುವೆ ಒಂದು ಆಧಾರರೇಖೆ ಹಿಡಿದು, ಅದರಿಂದ ಎಡಕ್ಕೂ ಬಲಕ್ಕೂ ಎಷ್ಟು ಸರಪಳಿ ಎಷ್ಟು ಆಣೆಗೆ ಗಡಿ ಬರುತ್ತದೆ ಎಂದು ಬರೆದಿಟ್ಟದ್ದೇ ಟಿಪ್ಪಣಿ. ಆ ಟಿಪ್ಪಣಿಯನ್ನು ಮತ್ತೆ ನೆಲಕ್ಕೆ ಇಳಿಸಬೇಕಾದರೆ ನೆಲದಲ್ಲಿ ಅಲುಗದ ಗುರುತು ಬೇಕು. ಬದು ಕರಗುತ್ತದೆ, ಬೇಲಿ ಹಬ್ಬುತ್ತದೆ, ಮರ ಕಡಿಯುತ್ತಾರೆ. ಕಾಗದದಲ್ಲಿರುವುದನ್ನು ನೆಲಕ್ಕೆ ಕಟ್ಟಿಹಾಕಿರುವುದು ಕಲ್ಲೊಂದೇ.

ನೀವು ಹಿಡುವಳಿದಾರರು. ಕರ್ನಾಟಕ ಭೂಕಂದಾಯ ಕಾಯ್ದೆ, 1964 ಗಡಿ ಗುರುತುಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಹೊಣೆಯನ್ನು ಹಿಡುವಳಿದಾರರ ಮೇಲೇ ಹೊರಿಸಿದೆ. ಕಲ್ಲು ಹಾಳಾಗಿ ಅಥವಾ ಕಾಣೆಯಾಗಿ ಇಲಾಖೆಯೇ ಮತ್ತೆ ನೆಡಬೇಕಾಗಿ ಬಂದರೆ ಖರ್ಚನ್ನು ನಿಮ್ಮಿಂದಲೇ ವಸೂಲು ಮಾಡಬಹುದು. ಗ್ರಾಮ ಗಡಿಯ ಕಲ್ಲುಗಳು ನಾಶವಾಗದಂತೆ ನೋಡಿಕೊಳ್ಳುವುದು ಗ್ರಾಮದ ಕಂದಾಯ ಅಧಿಕಾರಿಗಳ ಕರ್ತವ್ಯ.

ಅದು ಬರೀ ಹೊಲದ ಕಲ್ಲೋ, ಗ್ರಾಮ ಗಡಿಯ ಕಲ್ಲೋ ಎಂಬುದನ್ನು ಗ್ರಾಮ ನಕ್ಷೆಯಲ್ಲಿ ಮೊದಲು ನೋಡಿಕೊಳ್ಳಿ. ಮೂರು ಊರುಗಳ ಗಡಿ ಸೇರುವ ಕಲ್ಲಾಗಿದ್ದರೆ ಸುತ್ತಲಿನ ಅಳತೆಗೆಲ್ಲ ಅದೇ ಬುಡ. ಅದು ಹೋದರೆ ಮತ್ತೆ ಕೂರಿಸಲು ಮೂರೂ ಊರಿನ ದಾಖಲೆ ತೆಗೆಯಬೇಕಾಗುತ್ತದೆ.

ಬಯಲುಸೀಮೆ_ವಕೀಲ

ಹಿರಿಯರು ನೆಲದ ವಿಷಯ ಹೇಳಿದ್ದಾರೆ, ನಾನು ಶಿಕ್ಷೆಯ ವಿಷಯ ಹೇಳುತ್ತೇನೆ.

ಸರ್ಕಾರಿ ನೌಕರನ ಅಧಿಕಾರದಿಂದ ನೆಟ್ಟ ಗಡಿ ಗುರುತನ್ನು ನಾಶಮಾಡುವುದು ಅಥವಾ ಸರಿಸುವುದು 1860ರ ಭಾರತೀಯ ದಂಡ ಸಂಹಿತೆಯ 434ನೇ ಸೆಕ್ಷನ್ನಿನಲ್ಲಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ವಿಷಯ 326ನೇ ಸೆಕ್ಷನ್ನಿನ ಇ ಖಂಡಕ್ಕೆ ಬಂದಿದೆ. ಶಿಕ್ಷೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಕಲ್ಲು ಕಿತ್ತರೆ ಮಾತ್ರ ಅಪರಾಧ ಎಂದುಕೊಳ್ಳಬೇಡಿ. ಗುರುತಾಗಿ ಅದರ ಉಪಯೋಗ ಕಡಿಮೆಯಾಗುವಂತಹ ಯಾವುದೇ ಕೃತ್ಯವೂ ಅದರಲ್ಲಿ ಸೇರಿದೆ. ಕಲ್ಲಿನ ಮೇಲೆ ಕಾಂಕ್ರೀಟ್ ಸುರಿದು ಗೇಟಿನ ಕಂಬದೊಳಗೆ ಮುಚ್ಚಿಹಾಕಿದರೂ ತಕರಾರು ಬರಬಹುದು.

ಆದರೆ ಎರಡು ಅಂಶ ಸಾಬೀತಾಗಬೇಕು. ಮೊದಲನೆಯದಾಗಿ, ಕಲ್ಲನ್ನು ನೆಟ್ಟದ್ದು ಅಧಿಕಾರವುಳ್ಳ ಸರ್ಕಾರಿ ನೌಕರ ಎಂಬುದು. ನೀವು ಮತ್ತು ಪಕ್ಕದವರು ಮಾತಾಡಿಕೊಂಡು ನೆಟ್ಟ ಕಲ್ಲಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಎರಡನೆಯದಾಗಿ, ಇನ್ನೊಬ್ಬರಿಗೆ ಅನ್ಯಾಯದ ನಷ್ಟವಾಗಲಿ ಎಂಬ ಉದ್ದೇಶ ಅಥವಾ ಆಗುತ್ತದೆ ಎಂಬ ಅರಿವು. ಉಳುವಾಗ ಟ್ರ್ಯಾಕ್ಟರ್ ತಗುಲಿ ಕಲ್ಲು ಬಿದ್ದರೆ ಅದು ಬೇರೆ. ನಿಮ್ಮ ವಿಷಯದಲ್ಲಿ ಪಕ್ಕದವರು ಸಾಕ್ಷಿಗಳ ಎದುರು ಎಚ್ಚರಿಸಿದ್ದಾರೆ. ಇನ್ನು ಅರಿವಿರಲಿಲ್ಲ ಎನ್ನುವುದು ಕಷ್ಟ.

ಇನ್ನೊಂದು ಮಾತು. ಇದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ಒಂದು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದುಕೊಂಡು ಹಿಂಬರಹ ಕೊಟ್ಟು ಕಳಿಸುತ್ತಾರೆ. ಕಾನೂನು ಇದೆ, ಅದಕ್ಕೆ ಹಲ್ಲು ಕಡಿಮೆ. ನನಗೆ ಇದು ದೊಡ್ಡ ಕೊರತೆ ಎನ್ನಿಸುತ್ತದೆ.

ಕಾಫಿ_ಕಣಿವೆ

ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ನಾನು ಬೇರೆ ಮಾತು ಹೇಳಲೇಬೇಕಾಗಿದೆ.

ನಾನು ಮಲೆನಾಡಿನ ಬೆಳೆಗಾರ. ಸಂವಿಧಾನದ 300ಎ ವಿಧಿಯ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. 1978ರ 44ನೇ ತಿದ್ದುಪಡಿಯಲ್ಲಿ ಆಸ್ತಿಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದರೂ ಸಾಂವಿಧಾನಿಕ ಹಕ್ಕಾಗಿ ಉಳಿದಿದೆ. ಹೀಗಿರುವಾಗ ನನ್ನ ಪಟ್ಟಾ ಜಮೀನಿನೊಳಗೆ ಇಲಾಖೆ ಕಲ್ಲು ನೆಡುತ್ತದೆ. ಅದನ್ನು ಕಾಯುವ ಕೆಲಸ ನನ್ನದು, ಕಾಣೆಯಾದರೆ ಖರ್ಚು ನನ್ನದು. ಅದೇ ಇಲಾಖೆಗೆ ಅಳತೆಗೆ ಅರ್ಜಿ ಹಾಕಿದರೆ ತಿಂಗಳುಗಟ್ಟಲೆ ಉತ್ತರವಿಲ್ಲ.

ನಮ್ಮ ಕಡೆ ಇನ್ನೂ ಒಂದು ಸಂಕಟವಿದೆ. ಕಂದಾಯದವರ ಕಲ್ಲು ಒಂದು ಕಡೆ, ಅರಣ್ಯದವರ ಕಲ್ಲು ಇನ್ನೊಂದು ಕಡೆ. ನಡುವೆ ಅಜ್ಜ ನೆಟ್ಟ ಕಾಫಿ ಗಿಡಗಳು. ಅರಣ್ಯದ ಗಡಿ ಗುರುತು ಮುಟ್ಟಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಬೇರೆಯೇ ಶಿಕ್ಷೆ. ಜಂಟಿ ಸರ್ವೆ ಆಗುವವರೆಗೆ ಎರಡು ಕಲ್ಲಿನ ನಡುವಿನ ಜಾಗಕ್ಕೆ ಬ್ಯಾಂಕ್ ಸಾಲವಿಲ್ಲ, ಮಗಳ ಮದುವೆಗೆ ಮಾರೋಣ ಎಂದರೆ ಕೊಳ್ಳುವವರಿಲ್ಲ. ಕಲ್ಲು ಪವಿತ್ರ ಎನ್ನುವವರು, ಎರಡು ಇಲಾಖೆಗಳ ಎರಡು ಕಲ್ಲುಗಳಲ್ಲಿ ಯಾವುದು ಪವಿತ್ರ ಎಂದು ಮೊದಲು ಹೇಳಬೇಕು.

ನಿವೃತ್ತ_ಭೂಮಾಪಕ

ನಿಮ್ಮ ಸಿಟ್ಟು ನ್ಯಾಯವಾದದ್ದು. ಎರಡು ಇಲಾಖೆಗಳ ಗೆರೆ ಹೊಂದದಿದ್ದರೆ ಅದರ ಭಾರ ರೈತನ ಮೇಲೆ ಬೀಳಬಾರದು. ನನ್ನ ಸೇವೆಯ ಕಾಲದಲ್ಲೂ ಇದನ್ನು ಕಂಡು ನೊಂದಿದ್ದೇನೆ. ಆದರೆ ಒಂದು ವಿನಂತಿ. ಅಂಥ ಜಾಗದಲ್ಲಿ ನಿಮ್ಮ ಪರವಾಗಿ ನಿಲ್ಲುವ ಸಾಕ್ಷಿಯೂ ಕಂದಾಯದ ಹಳೆಯ ಕಲ್ಲೇ. ಜಂಟಿ ಸರ್ವೆಯ ದಿನ ಅದು ಮೂಲ ಜಾಗದಲ್ಲಿ ಇಲ್ಲದಿದ್ದರೆ ನಿಮ್ಮ ಅಜ್ಜನ ಸಾಗುವಳಿಯನ್ನು ಟಿಪ್ಪಣಿಯೊಂದಿಗೆ ಹೊಂದಿಸಿ ತೋರಿಸುವುದು ಬಹಳ ಕಷ್ಟವಾಗುತ್ತದೆ.

ಕಲ್ಲು ನೆಟ್ಟ ಮಾತ್ರಕ್ಕೆ ಆ ನೆಲ ಸರ್ಕಾರದ್ದಾಗುವುದಿಲ್ಲ. ನೆಲ ನಿಮ್ಮದೇ. ಗುರುತನ್ನು ಬದಲಿಸುವ ಅಧಿಕಾರ ಮಾತ್ರ ನಿಮಗಿಲ್ಲ, ನಿಮ್ಮ ಪಕ್ಕದವರಿಗೂ ಇಲ್ಲ, ಕಾರಣ ಬರೆದು ದಾಖಲಿಸದೆ ಭೂಮಾಪಕನಿಗೂ ಇಲ್ಲ.

ಗಡಿನಾಡ_ಓದುಗ_ಕಾಸರಗೋಡು

ಕಲ್ಲುಗಳಲ್ಲಿ ಎರಡು ಬಗೆಯಿದೆ. ಅದನ್ನು ಬೇರ್ಪಡಿಸದೆ ಮಾತಾಡಿದರೆ ಚರ್ಚೆ ದಾರಿ ತಪ್ಪುತ್ತದೆ ಎಂದು ನನಗೆ ಅನ್ನಿಸುತ್ತಿದೆ.

ತಿರುವನಂತಪುರದಿಂದ ನಮ್ಮ ಕಾಸರಗೋಡಿನವರೆಗೆ ಸುಮಾರು 530 ಕಿಲೋಮೀಟರ್ ಉದ್ದದ ಸಿಲ್ವರ್‌ಲೈನ್ ರೈಲು ಯೋಜನೆಗೆ ಹಳದಿ ಕಲ್ಲು ನೆಡುತ್ತಿದ್ದ ದಿನಗಳು ನೆನಪಿವೆಯೇ? 2022ರಲ್ಲಿ ಊರೂರಿನಲ್ಲಿ ಜನ ಆ ಕಲ್ಲುಗಳನ್ನು ಕಿತ್ತರು. ಕೋಟ್ಟಯಂ ಜಿಲ್ಲೆಯ ಮಾಡಪ್ಪಳ್ಳಿಯಲ್ಲಿ ಹೆಂಗಸರನ್ನು ಪೊಲೀಸರು ಎಳೆದೊಯ್ದ ದೃಶ್ಯ ಎಲ್ಲ ವಾಹಿನಿಗಳಲ್ಲೂ ಬಂತು. ಕಿತ್ತವರ ಮೇಲೆ ಮೊಕದ್ದಮೆಗಳು ದಾಖಲಾದವು. ಆ ವರ್ಷದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ವೆಯನ್ನು ತಡೆಯಲು ಒಪ್ಪಲಿಲ್ಲ. ಆದರೂ ಮೇ ತಿಂಗಳಲ್ಲಿ ಕೇರಳ ಸರ್ಕಾರವೇ ಕಲ್ಲು ನೆಡುವುದನ್ನು ಕೈಬಿಟ್ಟು ಜಿಪಿಎಸ್ ಆಧಾರದ ಗುರುತಿಗೆ ಹೋಯಿತು.

ನನ್ನ ತಂಗಿಯ ಮನೆ ಆ ಗೆರೆಯ ಹತ್ತಿರದಲ್ಲಿದೆ. ಅಂಗಳದಲ್ಲಿ ಕಲ್ಲು ಬಂದರೆ ಏನಾಗುತ್ತದೆ ಎಂದು ಆ ಮನೆಯವರು ತಿಂಗಳುಗಟ್ಟಲೆ ನಿದ್ದೆಗೆಟ್ಟದ್ದನ್ನು ನಾನು ಕಂಡಿದ್ದೇನೆ. ಆ ಕಲ್ಲು ಮುಂದೊಂದು ದಿನ ನಿನ್ನ ನೆಲ ಹೋಗಬಹುದು ಎಂದು ಹೇಳುವ ಕಲ್ಲು. ಭೂಸ್ವಾಧೀನದ ಅಧಿಸೂಚನೆಗೂ ಮುಂಚೆ ಅಂಗಳಕ್ಕೆ ಬರುವ ಅಂತಹ ಕಲ್ಲನ್ನು ಪ್ರಶ್ನಿಸುವ ಹಕ್ಕು ಜನರಿಗೆ ಇರಲೇಬೇಕು. ತಿಪಟೂರಿನವರ ಮೂಲೆಯಲ್ಲಿರುವುದು ಆ ಜಾತಿಯದಲ್ಲ. ಇಲ್ಲಿಯವರೆಗೆ ನಿನ್ನ ನೆಲ ಎಂದು ಹೇಳುವ ಕಲ್ಲು ಅದು. ಎರಡಕ್ಕೂ ಒಂದೇ ಸೆಕ್ಷನ್ ಹಚ್ಚಿ ಜನರನ್ನು ಹೆದರಿಸಿದರೆ, ಎರಡನೆಯ ಬಗೆಯ ಕಲ್ಲಿನ ಮೇಲಿನ ಗೌರವವೂ ಹೋಗುತ್ತದೆ.

ಕಾಫಿ_ಕಣಿವೆ

ನಾನು ಹೇಳಲು ಹೊರಟದ್ದು ಇದನ್ನೇ. ಧನ್ಯವಾದ.

ಶಿರಾ_ಮಗಳು

ನಾನು ಇದುವರೆಗೆ ಓದುತ್ತಿದ್ದೆ. ನಮ್ಮ ಮನೆಯ ವಿಷಯ ಹೇಳಿದರೆ ಯಾರಿಗಾದರೂ ಉಪಯೋಗವಾಗಬಹುದು.

ಅಪ್ಪ ತೀರಿಕೊಂಡ ಮೇಲೆ ಎರಡು ಎಕರೆ ಹೊಲವನ್ನು ಅಮ್ಮನೇ ನೋಡಿಕೊಳ್ಳುತ್ತಿದ್ದರು. ನಾನು ಕೆಲಸದ ಊರಿನಲ್ಲಿದ್ದೆ. ದಕ್ಷಿಣಕ್ಕೆ ದೊಡ್ಡಪ್ಪನ ಮಕ್ಕಳ ಜಮೀನು. ಪ್ರತಿ ವರ್ಷ ಉಳುವಾಗ ಬದು ಒಂದೊಂದು ಸಾಲು ನಮ್ಮ ಕಡೆಗೆ ಬರುತ್ತಿತ್ತು. ಅಮ್ಮ ಕೇಳಿದರೆ, "ಚಿಕ್ಕಮ್ಮ, ಬದು ಮಳೆಗೆ ಕರಗಿದೆ" ಎನ್ನುತ್ತಿದ್ದರು. ಕಲ್ಲುಗಳಿವೆಯಲ್ಲ ಎಂದು ಅಮ್ಮ ಧೈರ್ಯವಾಗಿದ್ದರು. ಒಂದು ಬೇಸಿಗೆಯಲ್ಲಿ ನೋಡಿದರೆ ನಡುವಿನ ಕಲ್ಲು ಇರಲಿಲ್ಲ, ಮೂಲೆಯದು ನಮ್ಮ ಹುಣಸೆ ಮರದ ಬುಡಕ್ಕೆ ಬಂದು ನಿಂತಿತ್ತು. ಹೊಸದಾಗಿ ಅಗೆದ ಮಣ್ಣು, ಇನ್ನೂ ಹಸಿಯಾಗಿತ್ತು.

ಠಾಣೆಗೆ ಹೋದೆವು. ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಎಂದು ಕಳಿಸಿದರು. ಹದ್ದುಬಸ್ತಿಗೆ ಅರ್ಜಿ ಹಾಕಿದೆವು. ಭೂಮಾಪಕರು ಬಂದ ದಿನ ಎದುರುದಾರರು ನೋಟಿಸ್ ತಲುಪಿಲ್ಲ ಎಂದು ಗಲಾಟೆ ಮಾಡಿದರು. ಎರಡನೇ ಸಲ ಬಂದಾಗ ಟಿಪ್ಪಣಿಯ ಅಳತೆಗೆ ಕಲ್ಲು ಹೊಂದುವುದಿಲ್ಲ ಎಂದು ಒಂದು ಸಾಲು ಬರೆದು ಹೋದರು. ಎಲ್ಲಿಂದ ಎಲ್ಲಿಗೆ ಸರಿದಿದೆ ಎಂದು ಬರೆಯಲಿಲ್ಲ. ಆ ಒಂದು ಸಾಲನ್ನು ಹಿಡಿದು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದ್ದೇವೆ. ಎದುರುದಾರರು ಈಗ, ಹನ್ನೆರಡು ವರ್ಷಕ್ಕಿಂತ ಹೆಚ್ಚು ಕಾಲದಿಂದ ಈ ಜಾಗ ತಮ್ಮ ಸ್ವಾಧೀನದಲ್ಲಿದೆ ಎಂದು ತಕರಾರು ಸಲ್ಲಿಸಿದ್ದಾರೆ.

ಬದು ಎರಡು ಅಡಿ ಸರಿದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ನಮ್ಮ ದಕ್ಷಿಣದ ಗಡಿ ಸುಮಾರು 330 ಅಡಿ ಉದ್ದ. ಎರಡು ಅಡಿ ಸರಿದರೆ 660 ಚದರ ಅಡಿ, ಅರ್ಧ ಗುಂಟೆಗೂ ಹೆಚ್ಚು. ನಮ್ಮ ಕಡೆ ಸರಿದದ್ದು ಎರಡು ಅಡಿಯಲ್ಲ. ಅಮ್ಮನಿಗೆ ಈಗ ಅರವತ್ತೆಂಟು ವರ್ಷ. ಪ್ರತಿ ಮುದ್ದತ್ತಿಗೂ ಬಸ್ಸಿನಲ್ಲಿ ಬಂದು ಕೋರ್ಟಿನ ಬೆಂಚಿನ ಮೇಲೆ ಕೂರುತ್ತಾರೆ.

ಆದ್ದರಿಂದ ತಿಪಟೂರಿನ ಅಣ್ಣನವರೇ, ನಿಮ್ಮ ಪಕ್ಕದವರು ದನಿ ಬದಲಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಅವರ ಮನೆಯಲ್ಲೂ ಇಂಥದ್ದೊಂದು ನಡೆದಿರಬಹುದು.

ಬಯಲುಸೀಮೆ_ವಕೀಲ

ಶಿರಾ ಮೇಡಂ, ನಿಮ್ಮ ವಕೀಲರು ನೋಡಿಕೊಳ್ಳುತ್ತಿರುತ್ತಾರೆ, ಆದರೂ ಎರಡು ವಿಷಯ ಹೇಳುತ್ತೇನೆ.

ಹನ್ನೆರಡು ವರ್ಷ ಎಂದು ಬರೆದ ಮಾತ್ರಕ್ಕೆ ಪ್ರತಿಕೂಲ ಸ್ವಾಧೀನ, ಅಂದರೆ ಬೇರೆಯವರ ಜಾಗವನ್ನು ದೀರ್ಘಕಾಲ ಅನುಭವಿಸಿ ಹಕ್ಕು ಪಡೆಯುವುದು, ಆಗಿಬಿಡುವುದಿಲ್ಲ. 1963ರ ಕಾಲಮಿತಿ ಕಾಯ್ದೆಯ 65ನೇ ಅನುಚ್ಛೇದದ ಅವಧಿ ಶುರುವಾಗುವುದು ಸ್ವಾಧೀನ ಮಾಲೀಕರಿಗೆ ವಿರುದ್ಧವಾದ ದಿನದಿಂದ. ಅದು ಬಹಿರಂಗವಾಗಿರಬೇಕು, ನಿರಂತರವಾಗಿರಬೇಕು, ಯಾವ ದಿನದಿಂದ ಎಂದು ಹೇಳಿಕೊಂಡವರೇ ಸಾಬೀತು ಮಾಡಬೇಕು. ವರ್ಷಕ್ಕೊಂದು ಸಾಲು ಕದ್ದವರು, ಬದು ಮಳೆಗೆ ಕರಗಿತು ಎಂದು ಹೇಳುತ್ತಿದ್ದವರು, ಯಾವ ದಿನದಿಂದ ಯಾವ ಜಾಗ ನಮ್ಮದು ಎಂದು ಹೇಗೆ ತೋರಿಸುತ್ತಾರೆ? ನಿಮ್ಮ ತಾಯಿಯವರು ಹೇಳುವ ಆ ಮಾತೇ ದೊಡ್ಡ ಸಾಕ್ಷ್ಯ.

ಎರಡನೆಯದು, ಕೋರ್ಟ್ ಕಮಿಷನರ್ ನೇಮಕಕ್ಕೆ ಅರ್ಜಿ ಹಾಕಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮ. ಗಡಿ ಎಲ್ಲಿದೆ ಎಂಬುದೇ ವ್ಯಾಜ್ಯವಾಗಿರುವಾಗ ಸ್ಥಳ ತನಿಖೆಗೆ ಕಮಿಷನರನ್ನು ನೇಮಿಸಬೇಕು ಎಂದು 2008ರಲ್ಲಿ ಹರಿಯಾಣ ವಕ್ಫ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲಾಖೆಯ ಅಧಿಕಾರಿಯೇ ಕಮಿಷನರಾಗಿ ಬಂದು, ಮೂಲ ಟಿಪ್ಪಣಿ ಹಿಡಿದು ಅಳೆದು, ನಕ್ಷೆಯೊಂದಿಗೆ ವರದಿ ಕೊಟ್ಟರೆ ಆ ಒಂದು ಸಾಲಿನ ಹಿಂಬರಹಕ್ಕಿಂತ ಎಷ್ಟೋ ಗಟ್ಟಿ.

ದಿಶಾಂಕ್_ಬಳಕೆದಾರ

ಇಷ್ಟೆಲ್ಲ ಏಕೆ? ಈಗ ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಡ್ರೋನ್ ಸರ್ವೆ ಆಗುತ್ತಿದೆ, ಇಲಾಖೆಯಲ್ಲಿ ರೋವರ್ (ಉಪಗ್ರಹದ ನೆರವಿನಿಂದ ಅಳೆಯುವ ಉಪಕರಣ) ಬಂದಿದೆ. ಅಕ್ಷಾಂಶ ರೇಖಾಂಶ ದಾಖಲಾದರೆ ಕಲ್ಲಿನ ಅಗತ್ಯವೇ ಇರುವುದಿಲ್ಲ. ಕಲ್ಲು ಕಿತ್ತರೂ ಮತ್ತೆ ಅದೇ ಬಿಂದುವಿಗೆ ಹೋಗಬಹುದು.

ನಿವೃತ್ತ_ಭೂಮಾಪಕ

ಆ್ಯಪ್ ಒಳ್ಳೆಯದು, ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಎಂದು ಅಂದಾಜು ತಿಳಿಯಲು. ಗಡಿ ಹಿಡಿಯಲು ಅದನ್ನು ನಂಬಬೇಡಿ. ಅದರ ಹಿಂದಿರುವುದು ಗ್ರಾಮ ನಕ್ಷೆ. ನಮ್ಮ ಹಳೆಯ ಗ್ರಾಮ ನಕ್ಷೆಗಳ ಪ್ರಮಾಣ ಮೈಲಿಗೆ 8 ಅಂಗುಲ, ಅಂದರೆ ಒಂದು ಅಂಗುಲಕ್ಕೆ 20 ಸರಪಳಿ. ಆ ಲೆಕ್ಕದಲ್ಲಿ ನಕ್ಷೆಯ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 8 ಮೀಟರ್. ಪೆನ್ಸಿಲ್ ಗೆರೆಯ ದಪ್ಪದಲ್ಲೇ ಒಂದು ಗಾಡಿದಾರಿ ಮುಳುಗಿಹೋಗುತ್ತದೆ. ಇದರ ಮೇಲೆ ಮೊಬೈಲಿನ ಜಿಪಿಎಸ್ ತೋರಿಸುವ ಕೆಲವು ಮೀಟರ್ ವ್ಯತ್ಯಾಸ ಬೇರೆ.

ರೋವರ್ ವಿಷಯ ಬೇರೆ. ಸರಿಯಾಗಿ ಬಳಸಿದರೆ ಅದು ಸೆಂಟಿಮೀಟರುಗಳಲ್ಲಿ ಬಿಂದು ಕೊಡುತ್ತದೆ. ಆದರೆ ಯಾವ ಬಿಂದುವನ್ನು? ಇವತ್ತು ಕಲ್ಲು ಇರುವ ಬಿಂದುವನ್ನು. ಕಲ್ಲು ಈಗಾಗಲೇ ಸರಿದಿದ್ದರೆ ಸರಿದ ಜಾಗವನ್ನೇ ಅಷ್ಟು ನಿಖರವಾಗಿ ದಾಖಲಿಸುತ್ತದೆ. ಅದಕ್ಕಾಗಿಯೇ ಹೊಸ ಸರ್ವೆ ನಿಮ್ಮ ಊರಿಗೆ ಬರುವ ಮುಂಚೆ ಹಳೆಯ ಕಲ್ಲುಗಳು ಮೂಲ ಜಾಗದಲ್ಲಿ ಇರಬೇಕು ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಈ ಕೆಲವು ವರ್ಷಗಳಲ್ಲಿ ಕಳೆದುಹೋಗುವ ಕಲ್ಲು ಮುಂದಿನ ನೂರು ವರ್ಷದ ದಾಖಲೆಯನ್ನು ಕೆಡಿಸುತ್ತದೆ.

ಕುಡ್ಲದ_ಕೃಷಿಕ

ನಮ್ಮ ದಕ್ಷಿಣ ಕನ್ನಡದಲ್ಲಿ ಟಿಪ್ಪಣಿ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಮದ್ರಾಸ್ ಪ್ರಾಂತ್ಯದ ಕಾಲದ ಪದ್ಧತಿ ಇಲ್ಲಿನದು, 1923ರ ಮದ್ರಾಸ್ ಸರ್ವೆ ಮತ್ತು ಗಡಿ ಕಾಯ್ದೆಯ ಬಳುವಳಿ. ನಾವು ಕೇಳುವುದು ಎಫ್‌ಎಂಬಿ (ಫೀಲ್ಡ್ ಮೆಷರ್‌ಮೆಂಟ್ ಬುಕ್, ಹೊಲದ ಅಳತೆ ಪುಸ್ತಕ) ನಕ್ಷೆ. ತಿಪಟೂರಿನವರ ಪ್ರಶ್ನೆಗೆ ಸಂಬಂಧವಿಲ್ಲದಿದ್ದರೂ, ಕರಾವಳಿಯವರು ಇದನ್ನು ಓದಿ ಕಚೇರಿಯಲ್ಲಿ ಟಿಪ್ಪಣಿ ಕೇಳಿ ಬರಿಗೈಯಲ್ಲಿ ಬರುವುದು ಬೇಡ ಎಂದು ಬರೆದೆ.

ಶಾಸನ_ಹುಡುಕಾಟ

ಊರೂರು ಅಲೆದು ಹಳೆಯ ಕಲ್ಲುಗಳನ್ನು ದಾಖಲಿಸುವ ಹವ್ಯಾಸ ನನ್ನದು. ಈ ಚರ್ಚೆ ನನ್ನ ಎದೆಗೆ ಹತ್ತಿರದ್ದು.

ಗಡಿಗೆ ಕಲ್ಲು ನೆಟ್ಟು, ಮುಟ್ಟಿದವರಿಗೆ ಶಿಕ್ಷೆ ಎನ್ನುವುದು ಬ್ರಿಟಿಷರು ತಂದದ್ದಲ್ಲ. ದಾನ ಕೊಟ್ಟ ಭೂಮಿಯ ಎಲ್ಲೆಯಲ್ಲಿ ಶೈವರದಾದರೆ ಲಿಂಗಮುದ್ರೆಯ ಕಲ್ಲು, ವೈಷ್ಣವರದಾದರೆ ವಾಮನಮುದ್ರೆಯ ಕಲ್ಲು, ಬಸದಿಯದಾದರೆ ಮುಕ್ಕೊಡೆ (ಮೂರು ಕೊಡೆಗಳ ಗುರುತಿನ) ಕಲ್ಲು ನಿಲ್ಲಿಸುತ್ತಿದ್ದರು. ಶಾಸನದ ಕೊನೆಗೆ "ಸ್ವದತ್ತಾಂ ಪರದತ್ತಾಂ ವಾ" ಎಂದು ಶುರುವಾಗುವ ಶಾಪಶ್ಲೋಕ. ತಾನೇ ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂದು. ಒಂದು ವರ್ಷದ ಸೆರೆವಾಸಕ್ಕಿಂತ ಅದೇ ಹೆಚ್ಚು ಕೆಲಸ ಮಾಡುತ್ತಿತ್ತೋ ಏನೋ! ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನದಲ್ಲಿ ಸೀಮಾವಿವಾದಕ್ಕೇ (ಗಡಿ ತಕರಾರಿಗೇ) ಒಂದು ಪ್ರಕರಣವಿದೆ.

ಅಂಥ ಕಲ್ಲುಗಳು ಇವತ್ತಿಗೂ ಖಾಸಗಿ ಹೊಲಗಳಲ್ಲಿವೆ, ಹೆಚ್ಚಿನವಕ್ಕೆ ಯಾವ ರಕ್ಷಣೆಯೂ ಇಲ್ಲ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅಧಿಸೂಚನೆಯಾದ ಸ್ಮಾರಕಕ್ಕೆ ಮಾತ್ರ. ಸರ್ವೆ ಇಲಾಖೆಯ ದಾಖಲೆಯಲ್ಲಿ ಇಲ್ಲದ್ದರಿಂದ ಬಾಂದು ಕಲ್ಲಿನ ರಕ್ಷಣೆಯೂ ಸಿಗುವುದಿಲ್ಲ. ದನ ಕಟ್ಟುವ ಗೂಟವಾಗಿ, ಬಟ್ಟೆ ಒಗೆಯುವ ಚಪ್ಪಡಿಯಾಗಿ ಹೋಗುತ್ತವೆ. ಮತ್ತೆ ಕೆಲವನ್ನು ನಿಧಿಯಾಸೆಗೆ ಅಗೆದು ಒಡೆಯುತ್ತಾರೆ.

ದೇಶವನ್ನೇ ಅಳೆದ ಮಹಾ ತ್ರಿಕೋನಮಿತಿ ಸರ್ವೆಯ ಗುರುತುಗಳ ಗತಿಯೂ ಇದೇ. ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆಯಲು ಆರಂಭಿಸಿದ ಎಂದು ಎಲ್ಲರೂ ಬರೆಯುತ್ತಾರೆ. ಅದಕ್ಕೂ ಮುಂಚೆ 1800ರಲ್ಲೇ ಅವನು ಬೆಂಗಳೂರಿನ ಬಳಿ ಒಂದು ರೇಖೆ ಅಳೆದಿದ್ದ. ಮುಂದೆ 1868ರ ಸುಮಾರಿಗೆ ಮತ್ತೆ ಅಳೆದ ಬೆಂಗಳೂರು ಆಧಾರರೇಖೆಯ ಒಂದು ತುದಿ ಮೇಖ್ರಿ ವೃತ್ತದ ಬಳಿ, ಇನ್ನೊಂದು ತುದಿ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ. ಕಣ್ಣೂರಿನ ಆ ಪುಟ್ಟ ವೀಕ್ಷಣಾ ಕಟ್ಟಡ ಈಗಿಲ್ಲ, ಇತ್ತೀಚೆಗೆ ನೆಲಸಮವಾಯಿತು. ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಖಾಸಗಿ ಜಮೀನಿನಲ್ಲಿ ಇಂಥದ್ದೊಂದು ಇದ್ದರೆ ಮಾಲೀಕನಿಗೆ ಅದು ಬರೀ ಹೊರೆ ಎಂದು ಕಾಣುವುದು ಸಹಜ. ಆ ನಾಲ್ಕು ಚದರ ಗಜದ ನೆಲಕ್ಕೆ ಅವನಿಗೆ ನ್ಯಾಯವಾದ ಬೆಲೆ ಕೊಟ್ಟು, ದಾರಿ ಬಿಡಿಸಿಕೊಂಡು, ಪಹಣಿಯಲ್ಲಿ ನಮೂದು ಮಾಡಿದರೆ ಎಷ್ಟು ಖರ್ಚಾದೀತು? ಮಾಲೀಕನನ್ನು ಹೆದರಿಸುವುದಕ್ಕಿಂತ ಅದು ಒಳ್ಳೆಯ ದಾರಿ.

ಕಾಫಿ_ಕಣಿವೆ

ಬೆಲೆ ಕೊಟ್ಟು ನಮೂದು ಮಾಡಿಸುವ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗೆಯೇ, ಹಿಡುವಳಿದಾರನ ಮೇಲೆ ಕಾಯುವ ಹೊಣೆ ಹೊರಿಸಿದ ಮೇಲೆ, ಯಾವ ಕಲ್ಲು ಎಲ್ಲಿದೆ ಎಂದು ಅವನಿಗೊಂದು ಕಾಗದವನ್ನೂ ಕೊಡಬೇಕು. ನನ್ನ ತೋಟದಲ್ಲಿ ಎಷ್ಟು ಕಲ್ಲುಗಳಿರಬೇಕು ಎಂದು ನನಗೆ ಯಾರೂ ಇದುವರೆಗೆ ಹೇಳಿಲ್ಲ. ಪಹಣಿಯಲ್ಲಿ ಬೆಳೆ ಬರೆಯುತ್ತಾರೆ, ಸಾಲ ಬರೆಯುತ್ತಾರೆ, ಕಲ್ಲಿನ ಲೆಕ್ಕವಿಲ್ಲ. ಇಲ್ಲದ ಪಟ್ಟಿಯ ಪ್ರಕಾರ ನನ್ನನ್ನು ಕಾವಲುಗಾರನನ್ನಾಗಿ ಮಾಡಿದ್ದಾರೆ.

ನಿವೃತ್ತ_ಭೂಮಾಪಕ

ಇದಕ್ಕೆ ನನ್ನಲ್ಲಿ ಎದುರುತ್ತರವಿಲ್ಲ. ಕೊಡಲೇಬೇಕು. ಸದ್ಯಕ್ಕೆ ಮಾಡಬಹುದಾದದ್ದೆಂದರೆ, ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಟಿಪ್ಪಣಿ, ಹಿಸ್ಸಾ (ಸರ್ವೆ ನಂಬರಿನ ಪಾಲು) ಆಗಿದ್ದರೆ ಹಿಸ್ಸಾ ಟಿಪ್ಪಣಿ, ಆಕಾರಬಂದ್ (ವಿಸ್ತೀರ್ಣ ಮತ್ತು ಕಂದಾಯದ ದಾಖಲೆ) ಮತ್ತು ಗ್ರಾಮ ನಕ್ಷೆಯ ದೃಢೀಕೃತ ನಕಲುಗಳನ್ನು ಪಡೆದಿಟ್ಟುಕೊಳ್ಳುವುದು. ಜಗಳ ಶುರುವಾದ ಮೇಲೆ ಹುಡುಕಿದರೆ ಹಾಳೆ ಹರಿದಿದೆ ಎಂಬ ಉತ್ತರ ಬರುವ ಊರುಗಳಿವೆ.

ತೆಂಗಿನತೋಟ_ತಿಪಟೂರು

ಎಲ್ಲರಿಗೂ ಕೈಮುಗಿದು ಧನ್ಯವಾದ. ಗ್ರಾಮ ನಕ್ಷೆ ತೆಗೆಸಿ ನೋಡಿದೆ. ನಮ್ಮ ಕಲ್ಲು ನಮ್ಮೂರಿನ ಮತ್ತು ಪಕ್ಕದ ಊರಿನ ಗಡಿಯ ಮೇಲೆಯೇ ಇದೆ. ಅಂದರೆ ಗ್ರಾಮ ಗಡಿ ಕಲ್ಲು.

ಪೂರ್ವದ ಮನೆಯ ಹಿರಿಯರ ಬಳಿ ಹೋಗಿ ಕೂತು ಮಾತಾಡಿದೆ. ಶಿರಾ ಅಕ್ಕ ಹೇಳಿದಂತೆಯೇ ಇತ್ತು. ಅವರ ತಂದೆಯ ಕಾಲದಲ್ಲಿ ಇನ್ನೊಂದು ಮೂಲೆಯ ಕಲ್ಲು ಕಳೆದು, ಆ ಕಡೆಯವರೊಂದಿಗೆ ಮೂವತ್ತು ವರ್ಷ ಮಾತು ಬಿಟ್ಟಿತ್ತಂತೆ. ಕಲ್ಲು ಮುಟ್ಟುವುದಿಲ್ಲ ಎಂದು ಹೇಳಿದ ಮೇಲೆ ಕಾಫಿ ಬಂತು.

ಗೇಟನ್ನು ಎಂಟು ಅಡಿ ಪಶ್ಚಿಮಕ್ಕೆ ಸರಿಸುತ್ತಿದ್ದೇನೆ. ಕಾಂಪೌಂಡ್ ಕಲ್ಲಿನ ಹತ್ತಿರ ಬಂದಾಗ ಹೇಗೆ ಕಟ್ಟಬೇಕು ಎಂಬುದೊಂದು ಪ್ರಶ್ನೆ ಉಳಿದಿದೆ. ಗೋಡೆಯೊಳಗೆ ಸೇರಿಸಬಹುದೇ, ಬಿಟ್ಟು ಕಟ್ಟಬೇಕೇ?

ನಿವೃತ್ತ_ಭೂಮಾಪಕ

ಬಿಟ್ಟು ಕಟ್ಟಿ. ಕಲ್ಲಿನ ಸುತ್ತ ಮೂರು ಕಡೆ ಎರಡೆರಡು ಅಡಿ ಜಾಗ ಇರಲಿ, ಗೋಡೆ ನಿಮ್ಮ ಕಡೆಗೆ ಒಂದು ಗೂಡಿನಂತೆ ಬಾಗಲಿ. ರಸ್ತೆಯ ಕಡೆ ತೆರೆದಿರಲಿ, ಭೂಮಾಪಕ ಬಂದಾಗ ನಿಮ್ಮ ಗೇಟ್ ತಟ್ಟದೆ ಕಲ್ಲಿನ ಮೇಲೆ ಉಪಕರಣ ಇಡುವಂತಿರಬೇಕು. ಗೋಡೆ ಗೂಡಿನಂತೆ ಬಾಗಿದ್ದರಿಂದ ಆಚೆಗೆ ಉಳಿಯುವ ನೆಲ ನಿಮ್ಮದೇ, ಅದನ್ನು ಒಂದು ಕಾಗದದಲ್ಲಿ ಬರೆದು ಪೂರ್ವದ ಹಿರಿಯರ ಸಹಿ ಪಡೆಯಿರಿ.

ಪಾಯ ತೆಗೆಯುವಾಗ ಕಲ್ಲಿನ ಬುಡದ ಮಣ್ಣು ಸಡಿಲವಾಗದಂತೆ ಆ ನಾಲ್ಕು ಅಡಿಯನ್ನು ಜೆಸಿಬಿ ಬಿಟ್ಟು ಗುದ್ದಲಿಯಲ್ಲೇ ಅಗೆಯಿಸಿ. ಕೆಲಸಕ್ಕೆ ಮುಂಚೆ ಹದ್ದುಬಸ್ತು ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ನಾಲ್ಕೂ ಕಡೆಯ ಹಿಡುವಳಿದಾರರಿಗೆ ನೋಟಿಸ್ ಹೋಗಿದೆಯೇ ಎಂದು ನೀವೇ ವಿಚಾರಿಸಿಕೊಳ್ಳಿ. ಪಂಚನಾಮೆಯಲ್ಲಿ "ಹಳೆಯ ಕಲ್ಲು ಸ್ಥಳದಲ್ಲಿದೆ, ಟಿಪ್ಪಣಿಗೆ ಹೊಂದುತ್ತದೆ" ಎಂಬ ವಾಕ್ಯ ಬರೆಸಿಕೊಳ್ಳಿ. ಹೊಂದದಿದ್ದರೆ ಎಷ್ಟು, ಯಾವ ದಿಕ್ಕಿಗೆ ಎಂದು ಬರೆಯಲೇಬೇಕೆಂದು ಕೇಳಿ. ಶಿರಾ ತಾಯಿಯವರೇ, ನಿಮ್ಮ ಕಮಿಷನರ್ ಬರುವ ದಿನ ನೀವೂ ಇದನ್ನೇ ಕೇಳಬೇಕು.

ಶಿರಾ_ಮಗಳು

ಬರೆದಿಟ್ಟುಕೊಂಡೆ ಸರ್. ಕಮಿಷನರ್ ಅರ್ಜಿಯ ವಿಷಯ ವಕೀಲರಿಗೆ ಇವತ್ತೇ ಹೇಳಿದೆ. ಮುಂದಿನ ಮುದ್ದತ್ತಿಗೆ ಹಾಕುತ್ತಾರಂತೆ. ಮೂಲ ಟಿಪ್ಪಣಿಯ ನಕಲಿಗೆ ಅಮ್ಮನ ಹೆಸರಿನಲ್ಲಿ ಅರ್ಜಿ ಕೊಡಬೇಕೇ, ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ?

ನಿವೃತ್ತ_ಭೂಮಾಪಕ

ಟಿಪ್ಪಣಿಯ ನಕಲಿಗೆ ಸರ್ವೆ ನಂಬರ್ ಸಾಕು, ಅಮ್ಮನ ಹೆಸರಿನಲ್ಲೇ ಕೊಡಿ. ಆದರೆ ಖಾತೆಯನ್ನು ಇನ್ನು ತಡ ಮಾಡಬೇಡಿ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಮರಣ ಪ್ರಮಾಣಪತ್ರದೊಂದಿಗೆ ಪೌತಿ ಖಾತೆಗೆ (ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಈ ವಾರವೇ ಅರ್ಜಿ ಹಾಕಿ. ಹದ್ದುಬಸ್ತಿನ ನೋಟಿಸ್ ಮುಂದೆ ತೀರಿಹೋದವರ ಹೆಸರಿಗೆ ಹೋಗಬಾರದು.